ಟಿವಿ ಡಬ್ಬದ ಮೇಲಿನ ಪದಗಳು: ಕೊಳ್ಳುವ ಮುನ್ನ ಅರ್ಥ ಮಾಡಿಕೊಳ್ಳಿ

ಹೊಸ 4ಕೆ ಟಿವಿ ತಂದು ಗೋಡೆಗೆ ಹಾಕಿದರೂ ವಾರ್ತಾ ವಾಚಕರ ಮುಖ ಮಸುಕು ಎಂಬ ದೂರು ಹಲವು ಮನೆಗಳಲ್ಲಿದೆ. ತಪ್ಪು ಬಹುತೇಕ ಟಿವಿಯದ್ದಲ್ಲ. ಚಾನೆಲ್, ಸೆಟ್ ಟಾಪ್ ಬಾಕ್ಸ್, ಕೇಬಲ್, ಪರದೆ ಈ ನಾಲ್ಕರಲ್ಲಿ ಯಾವುದು ಕಳಪೆಯೋ ಚಿತ್ರದ ಗುಣಮಟ್ಟವೂ ಅಷ್ಟೇ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಈ ಪದಗಳು ಗೊತ್ತಿರಲಿ.

1. ಇಂಚು: ಇದು ಪರದೆಯ ಅಗಲವಲ್ಲ, ಮೂಲೆಯಿಂದ ಮೂಲೆಗೆ ಅಳತೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ., ಎತ್ತರ 54 ಸೆಂ.ಮೀ. ಕೂರುವ ಜಾಗ ಐದಾರು ಅಡಿ ದೂರವಿದ್ದರೆ 43 ಇಂಚು, ಏಳೆಂಟು ಅಡಿ ಇದ್ದರೆ 55 ಇಂಚು ಹೊಂದುತ್ತದೆ.

2. ರೆಸಲ್ಯೂಷನ್: ಪರದೆಯಲ್ಲಿರುವ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ ಲೆಕ್ಕ. ಎಚ್‌ಡಿ ರೆಡಿಯಲ್ಲಿ ಸಾಮಾನ್ಯವಾಗಿ 1366×768, ಫುಲ್ ಎಚ್‌ಡಿಯಲ್ಲಿ 1920×1080, 4ಕೆಯಲ್ಲಿ 3840×2160. ಫುಲ್ ಎಚ್‌ಡಿಗಿಂತ 4ಕೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು.

3. ಎಸ್‌ಡಿ, ಎಚ್‌ಡಿ ಚಾನೆಲ್: ನಮ್ಮಲ್ಲಿ ಎಸ್‌ಡಿ ಚಾನೆಲ್ ಬರುವುದು 576 ಗೆರೆಗಳಲ್ಲಿ, ಎಚ್‌ಡಿ ಬರುವುದು 1080 ಗೆರೆಗಳಲ್ಲಿ. ಎಸ್‌ಡಿ ಚಿತ್ರವನ್ನು 4ಕೆ ಪರದೆ ಹಿಗ್ಗಿಸಿ ತೋರಿಸುತ್ತದೆ, ಇಲ್ಲದ ವಿವರವನ್ನು ಎಲ್ಲಿಂದ ತಂದೀತು? ನಿಮ್ಮ ಪ್ಯಾಕ್‌ನಲ್ಲಿ ಎಚ್‌ಡಿ ಚಾನೆಲ್‌ಗಳಿವೆಯೇ ನೋಡಿ.

4. ಪ್ಯಾನೆಲ್: ಎಲ್‌ಇಡಿ ಟಿವಿ ಎಂದರೆ ಹಿಂದಿನಿಂದ ಎಲ್‌ಇಡಿ ಬೆಳಕು ಬೀಳುವ ಎಲ್‌ಸಿಡಿ ಪರದೆ. ಕ್ಯೂಎಲ್‌ಇಡಿಯೂ ಅದೇ ಜಾತಿ, ಬಣ್ಣ ಹೆಚ್ಚಿಸುವ ಕ್ವಾಂಟಮ್ ಡಾಟ್ ಪದರ ಮಾತ್ರ ಹೆಚ್ಚುವರಿ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಹಾಗಾಗಿ ಕಪ್ಪು ನಿಜವಾಗಿಯೂ ಕಪ್ಪು. ಬೆಲೆ ಮಾತ್ರ ದುಬಾರಿ. ಬಿಸಿಲು ಬೀಳುವ ಹಾಲ್‌ಗೆ ಹೆಚ್ಚು ಪ್ರಕಾಶದ ಕ್ಯೂಎಲ್‌ಇಡಿ ಅಥವಾ ಮಿನಿ ಎಲ್‌ಇಡಿ ಸೂಕ್ತ.

5. ಹರ್ಟ್ಸ್, ಎಚ್‌ಡಿಆರ್: ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದೇ ಹರ್ಟ್ಸ್. ಧಾರಾವಾಹಿ, ವಾರ್ತೆಗೆ 60 ಸಾಕು. ಗೇಮ್ ಆಡುವವರಿಗೆ 120 ಬೇಕು. ‘ಮೋಷನ್ ರೇಟ್’ ಎಂದು ಬರೆದ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ, ಪ್ಯಾನೆಲ್‌ನ ಅಸಲಿ ಹರ್ಟ್ಸ್ ಕೇಳಿ. ಎಚ್‌ಡಿಆರ್ ಬೆಳಕು–ನೆರಳಿನ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುವ ವಿಧಾನ. ಪರದೆಗೆ ಸಾಕಷ್ಟು ಪ್ರಕಾಶವಿಲ್ಲದಿದ್ದರೆ ಅದು ಹೆಸರಿಗಷ್ಟೇ.

6. ಪೋರ್ಟ್, ಟ್ಯೂನರ್: ಎಚ್‌ಡಿಎಂಐ ಪೋರ್ಟ್ ಕನಿಷ್ಠ ಮೂರಿರಲಿ. ಸೌಂಡ್‌ಬಾರ್ ಇದ್ದರೆ ಒಂದರ ಮೇಲೆ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದಿರಬೇಕು. ಡಿವಿಬಿ–ಎಸ್2 ಟ್ಯೂನರ್ ಇರುವ ಟಿವಿಗೆ ಡಿಶ್‌ನ ಕೇಬಲ್ ನೇರ ಜೋಡಿಸಿ, ಡಿಡಿ ಫ್ರೀ ಡಿಶ್‌ನ ಹಲವು ಚಾನೆಲ್‌ಗಳನ್ನು ಬಾಕ್ಸ್ ಇಲ್ಲದೆಯೇ ನೋಡಬಹುದು.

ಟಿವಿ ಈಗಾಗಲೇ ಮನೆಯಲ್ಲಿದ್ದರೆ ಹೀಗೆ ಮಾಡಿ. ಎಚ್‌ಡಿ ಬಾಕ್ಸ್‌ನ ಹಿಂದೆ ಕೆಂಪು–ಬಿಳಿ–ಹಳದಿ ವೈರ್ ಇದ್ದರೆ ಅದನ್ನು ತೆಗೆದು ಎಚ್‌ಡಿಎಂಐ ಕೇಬಲ್ ಹಾಕಿ. ಹಳದಿ ವೈರ್‌ನಲ್ಲಿ ಎಚ್‌ಡಿ ಚಿತ್ರ ಬರುವುದಿಲ್ಲ. ಬಳಿಕ ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ 576ಐ ಇದ್ದರೆ 1080ಐಗೆ ಬದಲಿಸಿ. ಮುಖಗಳು ಅಡ್ಡಡ್ಡ ಹಿಗ್ಗಿ ಕಂಡರೆ ಚಿತ್ರದ ಅನುಪಾತವನ್ನು 16:9ರಿಂದ 4:3ಕ್ಕೆ ತಂದು ನೋಡಿ.

ಮನೆಯಲ್ಲಿ ನೋಡುವುದು ಬರೀ ಕೇಬಲ್ ಚಾನೆಲ್ ಆಗಿದ್ದರೆ 32 ಇಂಚಿನ ಟಿವಿಯಲ್ಲಿ 4ಕೆಗಾಗಿ ಹಣ ಸುರಿಯಬೇಡಿ. ಆ ದುಡ್ಡನ್ನು ಎಚ್‌ಡಿ ಪ್ಯಾಕ್‌ಗೆ ಕಟ್ಟಿ.