ವೈಫೈ ಕಾರ್ಡನ್ನು ದೂರುವ ಮುನ್ನ

ಲ್ಯಾಪ್‌ಟಾಪಿನಲ್ಲಿ ವೈಫೈ ಕೈಕೊಟ್ಟರೆ ನಮ್ಮಲ್ಲಿ ಎರಡೇ ಮದ್ದು: ರೌಟರ್ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುವುದು. ಮೊದಲನೆಯದಕ್ಕೆ ಖರ್ಚಿಲ್ಲ, ಮಾಡಿ. ಎರಡನೆಯದಕ್ಕೆ ಹೊರಡುವ ಮೊದಲು ಇವಿಷ್ಟು ನೋಡಿ.

1. ತಪ್ಪು ಯಾರದೆಂದು ಗೊತ್ತುಮಾಡಿಕೊಳ್ಳಿ. ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಪುಟಗಳು ತೆರೆದರೆ ಕಾರ್ಡ್ ಬಹುಮಟ್ಟಿಗೆ ನಿರ್ದೋಷಿ. ಮನೆಯ ನೆಟ್‌ವರ್ಕಿಗೆ ‘ಫರ್ಗೆಟ್’ ಕೊಟ್ಟು ಪಾಸ್‌ವರ್ಡನ್ನು ಮತ್ತೆ ಟೈಪ್ ಮಾಡಿ.

2. ವೈಫೈ ಬಟನ್ನೇ ಮಾಯವಾಗಿದೆಯೇ? ಕೀಬೋರ್ಡಿನ ವಿಮಾನದ ಕೀ ಅಕಸ್ಮಾತ್ ಒತ್ತಿರಬಹುದು. ಅಲ್ಲವೆಂದಾದರೆ ಡಿವೈಸ್ ಮ್ಯಾನೇಜರಿನ ‘ನೆಟ್‌ವರ್ಕ್ ಅಡಾಪ್ಟರ್ಸ್’ ಪಟ್ಟಿ ತೆರೆಯಿರಿ. ಕಾರ್ಡಿನ ಹೆಸರೇ ಇಲ್ಲದಿದ್ದರೆ ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್‌ಡೌನ್ ಬರೀ ಕೋಳಿನಿದ್ದೆ.

3. ಹೆಸರಿನ ಮೇಲೆ ಹಳದಿ ತ್ರಿಕೋನ ಕಂಡರೆ ಮೊದಲ ಗುಮಾನಿ ಡ್ರೈವರಿನ ಮೇಲೆ. ಅಪ್‌ಡೇಟ್ ಆದಮೇಲೆ ಕೆಟ್ಟಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹೊಸದು ಬೇಕಾದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ನೆಟ್‌ಗೆ ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಸಾಕು. ‘ಎಲ್ಲ ಡ್ರೈವರ್ ಉಚಿತ’ ಎನ್ನುವ ತಾಣಗಳ ಸಹವಾಸ ಬೇಡ.

4. ಆಗಾಗ ಕಡಿದುಹೋಗುತ್ತಿದ್ದರೆ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್ ಇದೆಯೇ ನೋಡಿ, ಅಲ್ಲಿನ ಮೊದಲ ಟಿಕ್ ತೆಗೆಯಿರಿ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿದಾಗ ಮಾತ್ರ ವೈಫೈ ಕುಂಟುತ್ತದೆಯೇ? ಅದರ ರೇಡಿಯೊ ಸದ್ದು 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಬೆರೆಯುತ್ತದೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ.

5. ‘ಕನೆಕ್ಟೆಡ್’ ಎನ್ನುತ್ತದೆ, ಏನೂ ತೆರೆಯುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಕೊಡಿ. ವಿಳಾಸ 169.254ರಿಂದ ಶುರುವಾದರೆ ರೌಟರ್ ಲ್ಯಾಪ್‌ಟಾಪಿಗೆ ವಿಳಾಸವನ್ನೇ ಕೊಟ್ಟಿಲ್ಲ. 192.168ರಂಥದ್ದು ಇದ್ದರೆ 8.8.8.8ಗೆ ಪಿಂಗ್ ಮಾಡಿ. ಉತ್ತರ ಬಂದೂ ತಾಣಗಳು ತೆರೆಯದಿದ್ದರೆ ಡಿಎನ್‌ಎಸ್ ನೋಡಿ. ತಾರೀಖೂ ಸರಿಯಿರಲಿ: ಗಡಿಯಾರ ವರ್ಷಗಟ್ಟಲೆ ಹಿಂದೆ ಇದ್ದರೆ ಬ್ಯಾಂಕಿನ ತಾಣ ಒಳಗೇ ಬಿಡುವುದಿಲ್ಲ.

6. ಹಳೆಯ ಲ್ಯಾಪ್‌ಟಾಪ್ ಸೇರುತ್ತಿಲ್ಲವೆಂದು ಪಾಸ್‌ವರ್ಡನ್ನೇ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ರೌಟರ್ ಬರೀ ಡಬ್ಲ್ಯುಪಿಎ3 ಎಂದು ಕೂತಿರುತ್ತದೆ, ಹಳೆಯ ಕಾರ್ಡಿಗೆ ಆ ಭಾಷೆ ಬಾರದು. ಡಬ್ಲ್ಯುಪಿಎ2 ಜೊತೆಗಿನ ಮಿಶ್ರ ಆಯ್ಕೆ ಹಾಕಿ. 1997ರ ಡಬ್ಲ್ಯುಇಪಿ ಬೀಗವನ್ನು 2001ರಲ್ಲೇ ಒಡೆದಾಗಿದೆ, ಅದರತ್ತ ತಿರುಗಿಯೂ ನೋಡಬೇಡಿ. ರೌಟರಿನ ಎನ್‌ಕ್ರಿಪ್ಷನ್ ಆಯ್ಕೆಯಲ್ಲಿ ಟಿಕೆಐಪಿ ಇದ್ದರೆ ಎಇಎಸ್ ಮಾಡಿ. ಭದ್ರತೆಯ ಮಾತು ಬಿಡಿ, ಟಿಕೆಐಪಿಯಲ್ಲಿ ವೇಗವೇ 54 ಎಂಬಿಪಿಎಸ್ ದಾಟುವುದಿಲ್ಲ. ನೂರರ ಪ್ಲಾನಿಗೆ ದುಡ್ಡು ಕಟ್ಟಿ ಕೇಬಲಿನವರಿಗೆ ಬೈಯುವವರು ಇದನ್ನೊಮ್ಮೆ ನೋಡಬೇಕು.

7. ಪಾಸ್‌ವರ್ಡಿನ ಬದಲು ಪಿನ್ ಕೊಟ್ಟು ಸೇರಲು ಬಿಡುವ ಡಬ್ಲ್ಯುಪಿಎಸ್ಸನ್ನು ರೌಟರಿನಲ್ಲಿ ಆಫ್ ಮಾಡಿ. ಪಿನ್ ಎಂಟು ಅಂಕಿಯದು, ಹತ್ತು ಕೋಟಿ ಸಾಧ್ಯತೆ ಅನ್ನಿಸುತ್ತದೆ. ಆದರೆ ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದ ಬರುತ್ತದೆ. ಮೇಲಾಗಿ ರೌಟರ್ ಮೊದಲ ನಾಲ್ಕನ್ನು ಬೇರೆಯಾಗಿ ತಾಳೆ ನೋಡಿ ಸರಿ-ತಪ್ಪು ಹೇಳಿಬಿಡುತ್ತದೆ. ಕಳ್ಳನಿಗೆ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನ ಸಾಕು. 2011ರಲ್ಲಿ ಬಯಲಾದ ಹುಳುಕಿದು.

8. ನೆಟ್‌ವರ್ಕಿನ ಹೆಸರು ಬಚ್ಚಿಡುವುದರಿಂದ ಮನಸ್ಸಿಗೆ ಸಮಾಧಾನ, ಅಷ್ಟೇ. ಅದರ ಬದಲು ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ.

9. ಕಾರ್ಡೇ ಸತ್ತಿದೆಯೆಂದು ಖಾತ್ರಿಯಾದರೆ ಮಾತ್ರ ಬಿಚ್ಚಿ. ಹೊಸ ಕಾರ್ಡ್ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಮೊದಲು ಅದು ಬೋರ್ಡಿಗೆ ಬೆಸುಗೆಯಾಗಿಲ್ಲವೇ ಎಂದು ನೋಡಿ. ಇಂಟೆಲ್ ಎಎಕ್ಸ್201 ಎಎಮ್‌ಡಿ ಲ್ಯಾಪ್‌ಟಾಪಿಗೆ ಆಗುವುದಿಲ್ಲ, ಎಎಕ್ಸ್210 ಇಂಟೆಲ್, ಎಎಮ್‌ಡಿ ಎರಡಕ್ಕೂ ಹೊಂದುತ್ತದೆ. ಆಂಟೆನಾದ ಎರಡು ತೆಳು ತಂತಿಗಳು ಯಾವ ತುದಿಯಲ್ಲಿದ್ದವೆಂದು ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ. ಕೂರಿಸುವಾಗ ನೇರ ಮೇಲಿನಿಂದ ಒತ್ತಿ. ಓರೆಯಾಗಿ ಒತ್ತಿದರೆ ಆ ಪುಟ್ಟ ಗುಂಡಿ ಚಪ್ಪಟೆಯಾಗುತ್ತದೆ. ಇಷ್ಟೆಲ್ಲ ತಲೆನೋವು ಬೇಡವೆಂದರೆ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿ ಕೆಲಸ ಮುಗಿಸಿ.