ಅಪಘಾತ ಪರಿಹಾರ: ಆರು ತಿಂಗಳ ಗಡುವಿನ ಕಥೆ

ಮೋಟಾರು ವಾಹನ ಕಾಯ್ದೆಯಲ್ಲಿ ಪರೀಕ್ಷೆಗೆ ಮೊದಲು ಓದಬೇಕಾದದ್ದು ಕಲಂ 166(3). ಒಂದೇ ಉಪಕಲಂ ಬಂದು, ಹೋಗಿ, ಮತ್ತೆ ಬಂದಿದೆ.

1939ರ ಕಾಯ್ದೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕುವ ಗಡುವು ಆರು ತಿಂಗಳಿತ್ತು. ಸಕಾರಣವಿದ್ದರೆ ವಿಳಂಬ ಮನ್ನಾ ಆಗುತ್ತಿತ್ತು. 1989ರ ಜುಲೈ 1ರಂದು ಜಾರಿಯಾದ 1988ರ ಕಾಯ್ದೆ ಆ ರಿಯಾಯಿತಿಯನ್ನು ಒಟ್ಟು 12 ತಿಂಗಳಿಗೆ ಸೀಮಿತಗೊಳಿಸಿತು. 1994ರ ನವೆಂಬರ್ 14ರಿಂದ ಗಡುವೇ ರದ್ದಾಯಿತು. ಧನ್ನಾಲಾಲ್ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಬಾಕಿ ಪ್ರಕರಣಗಳಿಗೂ ಈ ಲಾಭ ಕೊಟ್ಟಿತು.

2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮರಳಿ ತಂದಿತು. ಗಮನಿಸಿ: ತಿದ್ದುಪಡಿಯ ವರ್ಷ 2019, ಈ ಕಲಂ ಜಾರಿಯಾದದ್ದು 2022ರ ಏಪ್ರಿಲ್ 1. ವಿಳಂಬ ಮನ್ನಾದ ಮಾತು ಈಗ ಆ ಉಪಕಲಂನಲ್ಲಿಲ್ಲ. ಮನೆಗೆ ಆಧಾರವಾಗಿದ್ದವರನ್ನೇ ಕಳೆದುಕೊಂಡು ಆಸ್ಪತ್ರೆ, ಠಾಣೆ ಅಲೆಯುವ ಕುಟುಂಬಕ್ಕೆ ಇದು ನಿಜಕ್ಕೂ ಕಠಿಣ. ಇದರ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳಲ್ಲಿ, ವಿಳಂಬದ ಕಾರಣಕ್ಕೆ ಪರಿಹಾರದ ಅರ್ಜಿ ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು.

ಗೊಂದಲ ಬೇಡ: ಆರು ತಿಂಗಳು ನ್ಯಾಯಮಂಡಳಿಗೆ ಅರ್ಜಿ ಹಾಕಲು, ಅಪಘಾತದ ದಿನದಿಂದ. ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಲು 90 ದಿನ, ಕಲಂ 173; ಇಲ್ಲಿ ವಿಳಂಬ ಮನ್ನಾಕ್ಕೆ ಅವಕಾಶವಿದೆ. ಪೊಲೀಸರ ಮೊದಲ ಅಪಘಾತ ವರದಿಗೆ 48 ಗಂಟೆ.

ಅರ್ಜಿ ಎಲ್ಲಿ? ತುಮಕೂರಿನ ಬಳಿ ಅಪಘಾತವಾದರೆ ಬೀದರಿನ ಕುಟುಂಬ ತುಮಕೂರಿಗೇ ಓಡಾಡಬೇಕಿಲ್ಲ; ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಸಲ್ಲಿಸಬಹುದು, ಕಲಂ 166(2).