ಸುಣ್ಣದ ನೀರು, ದಾಡಿಯ ನೊರೆ

ಶಹಾಬಾದಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಯ ನೆಲಕ್ಕೆ ಹೋಗಿ ಕೂತಿದೆ. ಆ ಕಲ್ಲಿನ ಪದರಗಳ ನಡುವಿನ ನೀರು ಮಾತ್ರ ಊರಲ್ಲೇ ಉಳಿದು, ಬೋರಿನಿಂದ ಮೇಲೆದ್ದು ಬಚ್ಚಲಿಗೆ ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಈ ನಾಲ್ಕೂ ಊರುಗಳ ಕೆಳಗಿರುವುದು ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದನ್ನೇ ನಂಬಿ. ಕಲ್ಲಿನ ಸುಣ್ಣ ನೀರಿಗಿಳಿದರೆ ಬೇಳೆ ತಡವಾಗಿ ಬೇಯುತ್ತದೆ, ಒಗೆದ ಬಟ್ಟೆ ಒರಟಾಗುತ್ತದೆ, ಸಾಬೂನಿನ ನೊರೆ ಏಳುವುದೇ ಇಲ್ಲ. ‘ಸೌಳ ನೀರ ಅದ್ರಿ’ ಎಂಬ ಎಚ್ಚರಿಕೆ ಬಾಡಿಗೆ ಮನೆ ನೋಡಲು ಹೋದಾಗಲೇ ಕಿವಿಗೆ ಬೀಳುತ್ತದೆ.

ಬ್ರಷ್ಷಿನಿಂದ ನೊರೆ ಎಬ್ಬಿಸಿ, ಎರಡು ಅಲಗಿನ ಬ್ಲೇಡಿನ ರೇಜರ್ ಹಿಡಿದು, ಹಳೆಯ ಕ್ರಮದಲ್ಲಿ ದಾಡಿ ಮಾಡಿಕೊಳ್ಳುವ ಹುಮ್ಮಸ್ಸು ಈಚೆಗೆ ಹುಡುಗರಲ್ಲಿ ಮತ್ತೆ ಬಂದಿದೆ. ಅವರಿಗೆ ಸಿಗುವ ಸಲಹೆಗಳೆಲ್ಲ ರೇಜರಿನಿಂದ ಶುರುವಾಗುತ್ತವೆ: ಯಾವ ಕಂಪನಿ, ಎಷ್ಟು ತೂಕ, ಯಾವ ಹಿಡಿಕೆ. ಈ ಊರುಗಳ ನೀರಿನಲ್ಲಿ ದಾಡಿ ಮಾಡಿಕೊಂಡು ನಾನು ಕಲಿತದ್ದು ಅದಕ್ಕೆ ತಿರುಗುಮುರುಗಾದ ಕ್ರಮ. ಇಲ್ಲಿ ಮೊದಲು ಆರಿಸಬೇಕಾದ್ದು ನೀರು. ಆಮೇಲೆ ಸಾಬೂನು, ಬ್ರಷ್, ಕೊನೆಗೆ ರೇಜರ್.

ಕಾರಣ ಸರಳ. ಸಾಬೂನಿನ ಕೊಬ್ಬಿನಾಮ್ಲವು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಜೊತೆ ಸೇರಿದರೆ ಕರಗದ ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತಿ, ಎಷ್ಟು ತಿಕ್ಕಿದರೂ ಬಿಡದ ಪದರ ಅದೇ. ನೀರಿನ ಸುಣ್ಣ ತನ್ನ ಪಾಲು ತಿಂದ ಮೇಲೆ ಉಳಿದ ಸಾಬೂನು ಮಾತ್ರ ನೊರೆಯಾಗುತ್ತದೆ. ಆ ನೊರೆಯೂ ತೆಳು. ಒಂದು ಕೆನ್ನೆ ಮುಗಿಯುವುದರೊಳಗೆ ಇನ್ನೊಂದರ ಮೇಲೆ ಒಣಗಿರುತ್ತದೆ. ಬ್ಲೇಡು ಜಾರುವ ಬದಲು ಎಳೆಯುತ್ತದೆ. ಜನ ಬೈಯುವುದು ಬ್ಲೇಡನ್ನು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, ಅಂದರೆ ಐಎಸ್ 10500, ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪುತ್ತದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ಮನೆಯ ನೀರು ಹೇಗಿದೆಯೆಂದು ತಿಳಿಯಲು ಪ್ರಯೋಗಾಲಯಕ್ಕೆ ಓಡಬೇಕಿಲ್ಲ. ಎರಡು ಪಾರದರ್ಶಕ ಬಾಟಲಿಗಳಲ್ಲಿ ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಮಳೆನೀರು ಅಥವಾ ಫಿಲ್ಟರ್ ನೀರು ಅರ್ಧದಷ್ಟು ತುಂಬಿ, ಮೈಸೋಪನ್ನು ಚೂರು ಚೂರು ಹೆರೆದು ಸಮನಾಗಿ ಹಾಕಿ ಕುಲುಕಿದರೆ ಸಾಕು. ಒಂದರಲ್ಲಿ ನೊರೆ ಕುತ್ತಿಗೆವರೆಗೆ ಏರಿ, ಇನ್ನೊಂದರಲ್ಲಿ ನೀರು ಹಾಲಿನಂತೆ ಕದಡಿ ಮೇಲೆ ಬಿಳಿ ತುಣುಕು ತೇಲಿದರೆ ವಿಷಯ ಗೊತ್ತಾಯಿತು. ಈ ಪರೀಕ್ಷೆಗೆ ಬಟ್ಟೆ ಒಗೆಯುವ ಪೌಡರ್ ಬೇಡ. ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ.

ಈ ಭಾಗದ ಎಲ್ಲ ಊರುಗಳ ನೀರೂ ಒಂದೇ ಅಲ್ಲ. ಚಿಂಚೋಳಿ ತಾಲ್ಲೂಕಿನಲ್ಲಿ ಸುಣ್ಣದ ಕಲ್ಲಿನ ಜೊತೆ ಕರಿಗಲ್ಲು, ಜಂಬಿಟ್ಟಿಗೆಯ ಗುಡ್ಡಗಳೂ ಇವೆ. ಚಂದ್ರಂಪಳ್ಳಿ ಜಲಾಶಯ, ಅದರ ಸುತ್ತಲಿನ ಕಾಡು ಇರುವುದು ಆ ಕಡೆಯೇ. ಜಂಬಿಟ್ಟಿಗೆ ನೆಲದ ಬಾವಿಯ ನೀರಿಗೆ ಅದೇ ಬ್ರಷ್, ಅದೇ ಸಾಬೂನು ಕೊಟ್ಟ ನೊರೆ ನೋಡಿ, ಅಲ್ಲಿಯವರೆಗೆ ಸಾಬೂನಿನ ಮೇಲೆ ಹೊರಿಸಿದ್ದ ತಪ್ಪನ್ನೆಲ್ಲ ಹಿಂತೆಗೆದುಕೊಳ್ಳಬೇಕಾಯಿತು. ಕಾಗಿಣಾ ನದಿಯ ನೀರು ಮಳೆಗಾಲದಲ್ಲಿ ಬೋರಿನ ನೀರಿಗಿಂತ ಮೆತ್ತಗಿರುತ್ತದೆ. ಬೇಸಿಗೆಯಲ್ಲಿ ಆ ಭರವಸೆ ಇಲ್ಲ.

ಪರಿಹಾರ ಅಗ್ಗದಲ್ಲೇ ಇದೆ. ಹಳ್ಳಿಹಳ್ಳಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಸ್ನಾನಕ್ಕೆ ಆ ನೀರು ದುಬಾರಿಯಾದೀತು, ದಾಡಿಗೆ ಬೇಕಾದ್ದು ಒಂದು ಲೋಟ. ಅದರಲ್ಲೇ ಬ್ರಷ್ ನೆನೆಸಿ, ನೊರೆ ಎಬ್ಬಿಸಿ, ಕೊನೆಗೆ ರೇಜರನ್ನೂ ಅದ್ದಿ ತೆಗೆಯಬಹುದು. ಮುಖ ತೊಳೆಯಲು ಬೋರಿನ ನೀರೇ ಸಾಕು. ಫಿಲ್ಟರ್ ನೀರು ಸಿಗದ ಕಡೆ ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿಪುಡಿ ಕದಡದಂತೆ ಮೇಲಿನದನ್ನು ಬಸಿದುಕೊಳ್ಳಬೇಕು. ಬೈಕಾರ್ಬೊನೇಟ್ ರೂಪದ ಗಡಸು ಕುದಿತದಲ್ಲಿ ಹೋಗುತ್ತದೆ, ಸಲ್ಫೇಟ್ ರೂಪದ್ದು ಉಳಿಯುತ್ತದೆ. ಪೂರ್ತಿ ಅಲ್ಲದಿದ್ದರೂ ನೊರೆಯಲ್ಲಿ ವ್ಯತ್ಯಾಸ ಕಾಣುತ್ತದೆ.

ಒಂದು ಲೋಟ ನೀರಿನ ದಾಡಿ ಎಂದರೆ ಬಡತನದ ದಾಡಿಯೆಂದು ನಗುವವರು ಜಿಲೆಟ್ ಕಂಪನಿಯ ಕಥೆ ಕೇಳಬೇಕು. ಭಾರತಕ್ಕೆಂದು ಅದು ವೆಕ್ಟರ್ ಎಂಬ ರೇಜರ್ ಮಾಡಿ, ಬ್ಲೇಡುಗಳ ನಡುವೆ ಸಿಕ್ಕ ಕೂದಲನ್ನು ನೂಕಿ ಹಾಕಲು ಒಂದು ಪಟ್ಟಿ ಜೋಡಿಸಿತ್ತು. ಪರೀಕ್ಷೆ ನಡೆದದ್ದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮುಖದ ಮೇಲೆ; ಅವರೆಲ್ಲ ಮೆಚ್ಚಿದರು. ಭಾರತದಲ್ಲಿ ಅದು ಸೋತಿತು. ಅಲ್ಲಿನ ವಿದ್ಯಾರ್ಥಿಗಳಿಗೆ ಹರಿಯುವ ನಲ್ಲಿ ಇತ್ತು. ಇಲ್ಲಿನವರು ಕನ್ನಡಿ ಒರಗಿಸಿ, ಲೋಟದ ನೀರಲ್ಲಿ ರೇಜರ್ ಅದ್ದುವವರು. ಪಟ್ಟಿಯ ಹಿಂದೆ ಕೂದಲು, ನೊರೆ ಸೇರಿ ಗಟ್ಟಿಯಾಗುತ್ತಿತ್ತು. ಆಮೇಲೆ ಕಂಪನಿಯವರು ಭಾರತದ ಮನೆಗಳಿಗೇ ಬಂದು ಕೂತು ನೋಡಿ, ಒಂದೇ ಬ್ಲೇಡಿನ, ಲೋಟದಲ್ಲಿ ಅಲ್ಲಾಡಿಸಿದರೆ ತೊಳೆದುಹೋಗುವ ಗಾರ್ಡ್ ರೇಜರನ್ನು 2010ರಲ್ಲಿ ತಂದರು. ಆಗ ರೇಜರಿಗೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ ಇತ್ತು. ಅದು ಮನೆಮನೆ ಮುಟ್ಟಿತು.

ಸಾಬೂನಿಗೆ ಬರೋಣ. ಮೈಸೂರಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದು, ಲಂಡನ್ನಿಗೆ ಹೋಗಿ ಸಾಬೂನು ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರ ಕೈಯಲ್ಲಿ ಮೈಸೂರ್ ಸ್ಯಾಂಡಲ್ ರೂಪುಗೊಂಡ ನಾಡು ನಮ್ಮದು. ಮೈಸೋಪಿನ ವಿಷಯದಲ್ಲಿ ಕನ್ನಡಿಗರಿಗೆ ಪಾಠ ಬೇಕಿಲ್ಲ. ಆದರೆ ಮೈಸೋಪು ದಾಡಿ ಸಾಬೂನಲ್ಲ. ಸೋಡಿಯಂ ಕ್ಷಾರದಿಂದ ತಯಾರಾದ ಮೈಸೋಪಿನ ನೊರೆ ಬೇಗ ಎದ್ದು ಬೇಗ ಕುಸಿಯುತ್ತದೆ. ದಾಡಿ ಸಾಬೂನಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಕ್ಷಾರದಲ್ಲಿ ಪೊಟ್ಯಾಸಿಯಂ ಪಾಲು ದೊಡ್ಡದು. ಅದರ ನೊರೆ ದಟ್ಟ, ಮುಖದ ಮೇಲೆ ನಿಲ್ಲುತ್ತದೆ.

ಡಬ್ಬಿಯ ಹಿಂದಿನ ಸಣ್ಣಕ್ಷರದ ಪಟ್ಟಿ ಓದುವುದು ಈ ಭಾಗದಲ್ಲಿ ಬಲು ಲಾಭದ ಅಭ್ಯಾಸ. ‘ಸ್ಟಿಯರಿಕ್ ಆಸಿಡ್’, ‘ಪೊಟ್ಯಾಸಿಯಂ ಹೈಡ್ರಾಕ್ಸೈಡ್’ ಮೊದಲ ಸಾಲುಗಳಲ್ಲಿದ್ದರೆ ಅದು ದಾಡಿಯ ಸಾಮಾನು. ‘ಇಡಿಟಿಎ’ ಎಂಬುದು ಕಂಡರೆ ಇನ್ನೂ ಒಳ್ಳೆಯದು. ನೀರಿನ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಪದಾರ್ಥ ಅದು. ಗಟ್ಟಿ ಸಾಬೂನು ಚೆನ್ನಾಗಿ ಒದಗುವುದು ಮೆದು ನೀರಿನಲ್ಲಿ. ಬೋರಿನ ನೀರನ್ನೇ ಬಳಸುವವರಿಗೆ ಟ್ಯೂಬಿನ ಕ್ರೀಮೇ ಅನುಕೂಲ. ಅರ್ಧ ಇಂಚು ಕ್ರೀಮಿಗೆ ಬದಲು ಮುಕ್ಕಾಲು ಇಂಚು ಹಾಕಿದರೆ ಸುಣ್ಣಕ್ಕೆ ಹೋಗುವ ಪಾಲು ಹೋಗಿಯೂ ಸಾಕಷ್ಟು ಉಳಿಯುತ್ತದೆ. ಈ ಭಾಗದ ಕಟಿಂಗ್ ದುಕಾನಗಳಲ್ಲೂ ಹೆಚ್ಚಾಗಿ ಕಾಣುವುದು ಕ್ರೀಮೇ.

ಬ್ರಷ್ಷಿನಲ್ಲಿ ಜಾತಿ ಹಲವು: ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದು, ಹಂದಿಯ ಕೂದಲಿನದು, ಕುದುರೆಯದು, ಕೃತಕ ಎಳೆಯದು. ಬ್ಯಾಜರ್ ಮೆತ್ತಗಿದ್ದು ನೀರು ಹೆಚ್ಚು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಆದರೆ ಸುಣ್ಣದ ನೀರಿನಲ್ಲಿ ಆ ಬಿಳಿ ಜಿಡ್ಡು ಬ್ರಷ್ಷಿನ ಬುಡದಲ್ಲಿ ಸೇರುತ್ತ ಹೋಗಿ, ಕೂದಲು ಗಡುಸಾಗಿ ಮುರಿಯತೊಡಗುತ್ತದೆ. ದುಬಾರಿ ಬ್ರಷ್ಷಿಗೆ ಆ ಗತಿ ಬಂದರೆ ಹೊಟ್ಟೆ ಉರಿಯುತ್ತದೆ. ಹಂದಿ ಕೂದಲಿನ ಬ್ರಷ್ ಅಗ್ಗವಾದರೂ, ಮುಸ್ಲಿಂ ಮನೆಗಳಲ್ಲಿ ಅದು ನಡೆಯುವುದಿಲ್ಲ. ಮಾಂಸ ಮುಟ್ಟದ ಎಷ್ಟೋ ಲಿಂಗಾಯತರಿಗೂ ಅದು ಮುಖಕ್ಕೆ ಬೇಡ. ಅಂಗಡಿಯವರು ಕೇಳದೆ ಹೇಳುವುದಿಲ್ಲವಾದ್ದರಿಂದ ಕೊಳ್ಳುವವರೇ ಕೇಳಬೇಕು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್ಷುಗಳಿಂದ ಸೈನಿಕರಿಗೆ ಅಂಥ್ರಾಕ್ಸ್ ರೋಗ ಹತ್ತಿದ ದಾಖಲೆಯೂ ಇದೆ.

ಈ ಎಲ್ಲ ಲೆಕ್ಕದಲ್ಲಿ ಗೆಲ್ಲುವುದು ಕೃತಕ ಎಳೆಯ ಬ್ರಷ್. ನೆನೆಸುವ ಕೆಲಸವಿಲ್ಲ, ಬೇಗ ಒಣಗುತ್ತದೆ, ಯಾರ ಆಚಾರಕ್ಕೂ ಅಡ್ಡಿಯಿಲ್ಲ. ಕೊಳ್ಳುವಾಗ ಅದರ ತುದಿಯನ್ನು ಕೆನ್ನೆಗೆ ಒತ್ತಿ ನೋಡಬೇಕು: ಚುಚ್ಚಿದರೆ ಅದು ಹಳೆಯ ನೈಲಾನ್, ಬಿಟ್ಟುಬಿಡಿ. ಆಗಾಗ ಒಂದು ಬಟ್ಟಲು ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಅದ್ದಿ ತೊಳೆದರೆ ಬುಡದ ಸುಣ್ಣ ಬಿಡುತ್ತದೆ.

ಇನ್ನು ರೇಜರಿಗೆ ಬಂದರೆ, ಕತ್ತಿ ಈ ನೆಲಕ್ಕೆ ಹೊಸ ಅತಿಥಿಯಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಹೊರಬಂದ ಬೌದ್ಧ ಸ್ತೂಪ, ‘ರಾಯ ಅಸೋಕೊ’ ಎಂಬ ಬರಹವುಳ್ಳ ಅಶೋಕನ ಶಿಲ್ಪದಿಂದ ಹೆಸರಾಗಿದೆ. ಬೌದ್ಧ ಭಿಕ್ಷು ತನ್ನದೆಂದು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ ಕ್ಷೌರದ ಕತ್ತಿಯೂ ಒಂದು. ಅಲ್ಲಿಂದ ಸೇಡಂ ಕಡೆ ಬಂದರೆ ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಜೈನ ವಿದ್ವತ್ತಿನ ದೊಡ್ಡ ನೆಲೆ. ದಿಗಂಬರ ಮುನಿಗಳಿಗೆ ಕತ್ತಿಯೇ ವರ್ಜ್ಯ, ಕೇಶಲೋಚವೆಂದು ಕೂದಲನ್ನು ಕೈಯಿಂದಲೇ ಕೀಳುತ್ತಾರೆ. ನೊರೆ ಸಾಲದೆಂದು ಗೊಣಗುವವರು ಅವರನ್ನೊಮ್ಮೆ ನೆನೆಯಬಹುದು.

ಇಂದಿನ ಎರಡು ಅಲಗಿನ ಬ್ಲೇಡಿನ ರೇಜರಿಗೆ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದದ್ದು 1904ರಲ್ಲಿ. ಅದರ ಬ್ಲೇಡು ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಇಂದು ಸಿಗುವ ರೇಜರುಗಳಲ್ಲಿ ಮುಖ್ಯವಾಗಿ ಎರಡು ರೀತಿ. ಹಿಡಿಕೆ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆಯುವುದು ಒಂದು. ಹಿಡಿಕೆ, ತಳಪಟ್ಟಿ, ಮುಚ್ಚಳ ಬೇರೆ ಬೇರೆಯಾಗಿ ಬಿಚ್ಚಿಬರುವುದು ಇನ್ನೊಂದು. ಬಾಗಿಲಿನದು ನೋಡಲು ಚೆಂದ, ಬ್ಲೇಡು ಹಾಕುವುದೂ ಸುಲಭ. ಆದರೆ ಅದರ ಸಂದುಗಳಲ್ಲಿ ಸುಣ್ಣ, ಜಿಡ್ಡು ಸೇರಿ ತಿರುಪು ಬಿಗಿಯುತ್ತದೆ. ಮೂರು ತುಂಡಿನದನ್ನು ಪೂರ್ತಿ ಬಿಚ್ಚಿ ತಿಕ್ಕಬಹುದು. ಸುಣ್ಣದ ಊರಿಗೆ ಅದೇ ಸರಿ.

ಕೊಳ್ಳುವಾಗ ತಿರುಪಿನ ಎಳೆ ನೋಡಬೇಕು. ಅಗ್ಗದ ರೇಜರುಗಳ ತಲೆ ಸತುವಿನ ಮಿಶ್ರಲೋಹದ್ದು. ಮೇಲಿನ ಲೇಪ ಎದ್ದರೆ ಒಳಗೆ ತಿಂದುಹೋಗಿ, ಒಂದು ದಿನ ತಿರುಪು ಮುರಿದು ಕೈಗೆ ಬರುತ್ತದೆ. ಹಿತ್ತಾಳೆಯದು ತೂಕ, ಬೆಲೆ ಎರಡರಲ್ಲೂ ಮೇಲು, ಬಾಳಿಕೆಯಲ್ಲೂ ಮೇಲು. ಹೊಸಬರಿಗೆ ಬ್ಲೇಡಿನ ಅಂಚು ಕಡಿಮೆ ಹೊರಗೆ ಕಾಣುವ ಸೌಮ್ಯ ರೇಜರೇ ಇರಲಿ. ಶ್ರಾವಣ ಪೂರ್ತಿ ದಾಡಿ ಬಿಡುವ ರೂಢಿಯವರು ಮಾತ್ರ, ಮಾಸ ಮುಗಿದ ಮೇಲೆ ಕತ್ತರಿಯಲ್ಲಿ ಗಿಡ್ಡ ಮಾಡಿಕೊಂಡೇ ರೇಜರ್ ಹಿಡಿಯಬೇಕು. ಹಲ್ಲುಹಲ್ಲಾದ ತಳಪಟ್ಟಿಯ ರೇಜರಿದ್ದರೆ ಆ ದಿನ ಉಪಯೋಗಕ್ಕೆ ಬರುತ್ತದೆ.

ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್: ಯಾವ ಬ್ಲೇಡಾದರೂ ಯಾವ ರೇಜರಿಗಾದರೂ ಕೂರುತ್ತದೆ. ಯಾವುದು ಯಾರ ಚರ್ಮಕ್ಕೆ ಒಗ್ಗೀತು ಎಂಬುದನ್ನು ಒಂದೊಂದು ಪೊಟ್ಟಣ ಕೊಂಡೇ ತಿಳಿಯಬೇಕು. ಆ ಪ್ರಯೋಗದ ಖರ್ಚು ಒಂದು ಚಹಾ ಸಂಜೆಯಷ್ಟೂ ಆಗದು. ಬ್ಲೇಡಿನ ಅಂಚನ್ನು ಬಟ್ಟೆಯಿಂದ ಒರೆಸಬಾರದು. ಕೊನೆಯ ಅದ್ದು ಫಿಲ್ಟರ್ ನೀರಿನಲ್ಲಾದರೆ ಅಂಚಿನ ಮೇಲೆ ಸುಣ್ಣದ ಕಲೆ ಒಣಗುವುದಿಲ್ಲ. ಕಲ್ಲಿನ ಪಾಲಿಶ್ ಯಂತ್ರದ ಬಳಿ, ಸಿಮೆಂಟಿನ ಧೂಳಿನಲ್ಲಿ ದುಡಿದು ಬಂದವರು ಮೊದಲು ಮುಖವನ್ನು ಚೆನ್ನಾಗಿ ತೊಳೆಯಬೇಕು. ಗಡ್ಡದಲ್ಲಿ ಕಲ್ಲುಪುಡಿ ಇದ್ದರೆ ಎಂಥ ಬ್ಲೇಡೂ ಮೊಂಡಾಗುತ್ತದೆ.

ಕೈ ಕುದುರಬೇಕಾದರೆ ಕಟಿಂಗ್ ದುಕಾನದಲ್ಲಿ ಕಣ್ಣು ಮುಚ್ಚದೆ ಕೂರುವುದು ಒಳ್ಳೆಯ ಪಾಠಶಾಲೆ. ಶರಣ ಹಡಪದ ಅಪ್ಪಣ್ಣನ ಚಿತ್ರ ತೂಗುಹಾಕಿದ ದುಕಾನಗಳಲ್ಲಿ ಈಗ ಉಸ್ತ್ರಾಕ್ಕೆ, ಅಂದರೆ ಕ್ಷೌರದ ಕತ್ತಿಗೆ, ಹಾಕುವುದು ಅದೇ ಎರಡು ಅಲಗಿನ ಬ್ಲೇಡಿನ ಅರ್ಧ ತುಂಡು, ಪ್ರತಿ ಗಿರಾಕಿಗೂ ಹೊಸದು. ಎಡಗೈ ಚರ್ಮ ಬಿಗಿಹಿಡಿಯುವ ರೀತಿ, ಕೂದಲು ಬೆಳೆದ ದಿಕ್ಕಿಗೇ ಮೊದಲ ಎಳೆತ, ಗಂಟಲ ಕೆಳಗೆ ದಿಕ್ಕು ಬದಲಿಸುವುದು, ಕೊನೆಗೆ ಒದ್ದೆ ಮುಖಕ್ಕೆ ಫಿಟಕರಿ (ಪಟಿಕ) ಸವರುವುದು, ಎಲ್ಲವನ್ನೂ ಅಲ್ಲೇ ನೋಡಬಹುದು. ಫಿಟಕರಿ ಎಲ್ಲಿ ಉರಿಯುತ್ತದೋ ಅಲ್ಲಿ ಕೈಭಾರ ಹೆಚ್ಚಾಗಿದೆ ಎಂದರ್ಥ.

ಮೂರು ತುಂಡಿನ ಒಳ್ಳೆಯ ರೇಜರ್ ಸಣ್ಣ ಊರಿನ ಅಂಗಡಿಯಲ್ಲಿ ಸಿಗದಿರಬಹುದು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗುವ, 1874ರಲ್ಲಿ ನಿಜಾಮರ ಕಾಲಕ್ಕೆ ತೆರೆದ ರೈಲುದಾರಿ ಇದ್ದೇ ಇದೆ; ಹೈದರಾಬಾದಿನ ಬೇಗಂ ಬಜಾರಿನ ಸಗಟು ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು, ತಿರುಪು ತಿರುಗಿಸಿ ನೋಡಿ ಕೊಳ್ಳಬಹುದು. ಬರುವಾಗ ಮುಚ್ಚಳದ ಒಂದು ತಗಡಿನ ಡಬ್ಬಿಯನ್ನೂ ತರಬೇಕು. ಮುಚ್ಚಳಕ್ಕೆ ಸೀಳು ಕೊರೆದು ಹಳೆಯ ಬ್ಲೇಡುಗಳನ್ನೆಲ್ಲ ಅದರೊಳಗೆ ಹಾಕುತ್ತ ಹೋಗಿ, ತುಂಬಿದಾಗ ಟೇಪು ಸುತ್ತಿ, ಮೇಲೆ ದೊಡ್ಡದಾಗಿ ‘ಬ್ಲೇಡ್’ ಎಂದು ಬರೆದು ಕಸದ ಗಾಡಿಯವರ ಕೈಗೆ ಹೇಳಿಯೇ ಕೊಡಬೇಕು. ಬಿಡಿ ಬ್ಲೇಡು ಕಸದ ಬುಟ್ಟಿಗೆ ಬಿದ್ದರೆ ಕೊಯ್ಯುವುದು ಪೌರಕಾರ್ಮಿಕರ ಬೆರಳನ್ನು, ತಿಪ್ಪೆಗೆ ಬಿದ್ದರೆ ದನದ ನಾಲಿಗೆಯನ್ನು.